ದೆವ್ವಕ್ಕೆ ಇಟ್ಟ ಹೆಸರು

ಹನಮೇಶನ ಫೋನಿನಲ್ಲಿ ಹೆಂಡತಿಯ ನಂಬರು ‘ಮನಿ ದೆವ್ವ’ ಎಂಬ ಹೆಸರಿನಲ್ಲಿದೆ. ಇದನ್ನು ಅವನು ಯಾರಿಂದಲೂ ಮುಚ್ಚಿಟ್ಟಿಲ್ಲ. ಮನೆಗೆ ಮಂದಿ ಬಂದಾಗ ಅಡುಗೆಮನೆಯಲ್ಲಿರುವ ಹೆಂಡತಿಗೆ, ‘ಒಂದ ಮಿಸ್ ಕಾಲ್ ಕೊಡ’ ಎಂದು ಕೂಗುತ್ತಾನೆ. ಫೋನು ರಿಂಗಾದ ಕೂಡಲೇ ಪರದೆಯನ್ನು ಮಂದಿಯ ಕಡೆ ತಿರುಗಿಸಿ ಹಿಡಿಯುತ್ತಾನೆ. ಮಂದಿ ನಗುತ್ತಾರೆ. ಚಹಾದ ತಟ್ಟೆ ಹಿಡಿದು ಬಂದವಳೂ ನಗಬೇಕು. ನಗದಿದ್ದರೆ ಅದೇ ಮುಂದಿನ ಜೋಕು.

‘ಸಿಟ್ಟ ನೋಡ್ರಿ, ಸಿಟ್ಟ! ಪಾದ ಹಿಂದ-ಮುಂದ ಆಗ್ಯಾವೇನ ನೋಡ್ರಿ ಸ್ವಲ್ಪ.’

ಸತ್ತೂರಿನಿಂದ ತುಸು ಮುಂದೆ, ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಓಡುವ ದೊಡ್ಡ ರಸ್ತೆಯಿಂದ ಒಳಗೆ ಅವರ ಲೇಔಟು. ಒಂದೇ ಅಚ್ಚಿನ ಮನೆಗಳ ನಾಲ್ಕು ಸಾಲು. ಪ್ರತಿ ಮನೆಯ ಮುಂದೆ ಒಂದು ಕಾರು ನಿಲ್ಲುವಷ್ಟು ಟೈಲ್ಸ್ ಹಾಸಿದ ಜಾಗ. ಅರ್ಧಕ್ಕರ್ಧ ಮನೆಗಳ ಟೈಲ್ಸ್ ಹುಬ್ಬಳ್ಳಿಯಲ್ಲಿರುವ ಹನಮೇಶನ ಅಂಗಡಿಯಿಂದಲೇ ಬಂದದ್ದು. ಅವನು ಹೊಡೆಯುವವನಲ್ಲ, ಕುಡಿಯುವವನಲ್ಲ. ಲೇಔಟಿನ ಹೆಂಗಸರು ಅವನ ಹೆಂಡತಿಗೆ ‘ನೀವು ಪುಣ್ಯಾ ಮಾಡೀರಿ’ ಎನ್ನುತ್ತಿದ್ದರು. ನಗಿಸುವ ಗಂಡ ಸಿಕ್ಕಿದ್ದಾನೆ ಎಂಬ ಅರ್ಥದಲ್ಲಿ.

ಅವರೆಲ್ಲರ ಬಾಯಲ್ಲಿ ಅವಳು ವಿದ್ಯಾ. ಹುಡುಗರ ಬಾಯಲ್ಲಿ ವಿದ್ಯಾ ಕಾಕು. ಅವಳ ಹೆಸರು ಫಕೀರವ್ವ.

ಗರಗದಲ್ಲಿ ಹುಟ್ಟಿದವಳು. ತಂದೆಯ ತಾಯಿ, ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದ ಫಕೀರವ್ವ, ತೀರಿಕೊಂಡ ವರ್ಷವೇ ಹುಟ್ಟಿದ್ದರಿಂದ ಬೇರೆ ಹೆಸರಿನ ಮಾತೇ ಬರಲಿಲ್ಲ. ಆ ಮನೆಯಲ್ಲಿ ಹೆಸರು ಎಂದರೆ ಹಿರಿಯರ ಪಾಲು. ಅಪ್ಪ ಮಗಳನ್ನು ಬೈಯುವಾಗಲೂ ‘ಫಕೀರವ್ವಾರ’ ಎಂದೇ ಬೈಯುತ್ತಿದ್ದ. ತಾಯಿಯ ಹೆಸರು ಹೊತ್ತವಳನ್ನು ಏಕವಚನದಲ್ಲಿ ಗದರಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಧಾರವಾಡದ ಕಾಲೇಜಿನಲ್ಲಿ ಹಾಜರಿ ಕರೆಯುವಾಗ ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದು ನಕ್ಕರೆ ಅವಳು ಎದ್ದು ನಿಂತು, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ‘ಎಸ್ ಸರ್’ ಎನ್ನುತ್ತಿದ್ದಳು.

ಮದುವೆಯ ದಿನ ಆ ಹೆಸರು ಹೋಯಿತು. ಈ ಕಡೆಯ ಎಷ್ಟೋ ಮನೆಗಳಲ್ಲಿರುವ ಪದ್ಧತಿ: ತಾಟಿನಲ್ಲಿ ಅಕ್ಕಿ ಹರಡಿ, ಗಂಡ ತನ್ನ ಉಂಗುರದಿಂದ ಹೆಂಡತಿಯ ಹೊಸ ಹೆಸರನ್ನು ಬರೆಯುತ್ತಾನೆ. ಸೊಸೆಯ ಹೆಸರು ತೀರ ಹಳ್ಳಿಯದಾಯಿತು, ಕೇಳಿದವರಿಗೆ ಯಾವ ಜಾತಿಯೆಂದೂ ತಿಳಿಯುವುದಿಲ್ಲ ಎಂದು ಅತ್ತೆ ಮೊದಲೇ ತೀರ್ಮಾನಿಸಿದ್ದಳು. ಹನಮೇಶ ‘ವಿದ್ಯಾ’ ಎಂದು ಬರೆದ. ಬರೆದವನು ಆ ಹೆಸರಿನಿಂದಲೂ ಕರೆಯಲಿಲ್ಲ. ‘ಏ’ ಎಂದ, ‘ಕೇಳತೇನ’ ಎಂದ, ಮಗಳು ಹುಟ್ಟಿದ ಮೇಲೆ ‘ಸೃಷ್ಟಿ ಅವ್ವ’ ಎಂದ. ಬರೆದದ್ದು ಊರಿನವರ ಉಪಯೋಗಕ್ಕೆ.

ಅವಳಿಗೆ ಮಾತ್ರ ಅವನ ಹೆಸರನ್ನು ಹೇಳುವ ಕೆಲಸ ತಪ್ಪಲಿಲ್ಲ. ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳಬಾರದು, ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಬೇಕು. ಮದುವೆ, ಸೀಮಂತ, ಮನೆ ಒಕ್ಕಲು, ಎಲ್ಲಿ ನಾಲ್ಕು ಹೆಂಗಸರು ಕೂಡಿದರೂ ಒಡಪು. ಹೊಸ ಸೊಸೆ ಬಂದರೆ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು, ‘ಹೆಸರ ಹೇಳು, ಒಳಗ ಬಾ’ ಎನ್ನುತ್ತಾರೆ. ಸೊಸೆಯಂದಿರಿಗೆ ಈಗ ಒಡಪು ಬರುವುದಿಲ್ಲ. ಹಾಗಾಗಿ ಲೇಔಟಿನಲ್ಲಿ ಯಾರ ಮನೆಯ ಮದುವೆಯಾದರೂ ಹಿಂದಿನ ದಿನ ಫಕೀರವ್ವನಿಗೆ ಕರೆ ಬರುತ್ತಿತ್ತು. ಅವಳು ಹುಡುಗಿಯ ಮುಖ ನೋಡಿ ಒಡಪು ಕಟ್ಟಿಕೊಡುತ್ತಿದ್ದಳು. ನೌಕರಿಗೆ ಬಸ್ಸಿನಲ್ಲಿ ಓಡಾಡುವ ಒಬ್ಬಳಿಗೆ ಕಟ್ಟಿದ್ದು ಹೀಗಿತ್ತು:

‘ನಿಂತಕೊಂಡ ಬಂದೆ ತುಂಬಿದ ಬಸ್ಸಿನ್ಯಾಗ,
ಮಲ್ಲೇಶರ ಹೆಸರ ಹೇಳತೇನಿ ನಾಕ ಮಂದ್ಯಾಗ.’

ಈ ಒಡಪುಗಳ ಸಲುವಾಗಿಯೇ ವಿನೀತ ಅವಳ ಬಳಿ ಬಂದ. ಎದುರು ಸಾಲಿನ ಮನೆಯ ಹುಡುಗ, ಇಂಜಿನಿಯರಿಂಗ್ ಮುಗಿಸಿ ಕಿರುಚಿತ್ರ ಮಾಡುತ್ತ ಕುಳಿತವನು. ಈಗ ಮೊದಲ ದೊಡ್ಡ ಸಿನಿಮಾ ಶುರು ಮಾಡಿದ್ದ. ದೆವ್ವದ ಸಿನಿಮಾ, ಆದರೆ ನಗಿಸುವಂಥದ್ದು. ನಗಿಸುವಂಥದ್ದು, ಆದರೆ ಹೆದರಿ ಮೈ ಜುಮ್ಮೆನ್ನುವಂಥದ್ದು ಎಂದು ಅವನು ವಿವರಿಸಿದ. ಹೆಸರು ‘ಮನಿಯವರು ಒಳಗ ಅದಾರ’. ಇಂಥದೇ ಲೇಔಟು, ಇಂಥದೇ ಮನೆ. ಗಂಡ ಹೆಂಡತಿಗೆ ಸರಿಯಿಲ್ಲ. ಒಂದು ದಿನ ಜಗಳದಲ್ಲಿ ಅವಳು ಮಾಳಿಗೆಯಿಂದ ಬೀಳುತ್ತಾಳೆ. ಗಂಡ ಪೊಲೀಸರಿಗೆ ಹೆದರಿ ಅವಳನ್ನು ಕಾರು ನಿಲ್ಲಿಸುವ ಜಾಗದಲ್ಲಿ ಹೂತು, ಮೇಲೆ ಹೊಸ ಟೈಲ್ಸ್ ಹಾಸುತ್ತಾನೆ. ಮರುದಿನ ಮುಂಜಾನೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಹೆಂಡತಿ ಎಂದಿನಂತೆ ಕೆಲಸ ಮಾಡುತ್ತಿದ್ದಾಳೆ, ಒಂದೇ ಫರಕು: ಈಗ ಎದುರು ಮಾತಾಡುತ್ತಾಳೆ.

ಹನಮೇಶ ಬಿದ್ದು ಬಿದ್ದು ನಕ್ಕ. ಚಿತ್ರೀಕರಣಕ್ಕೆ ತನ್ನ ಮನೆಯನ್ನೇ ಬಿಟ್ಟುಕೊಟ್ಟ.

‘ದೆವ್ವ ಬಾಡಗಿಗೆ ತರಬ್ಯಾಡ ತಮ್ಮಾ, ನಮ್ಮ ಮನ್ಯಾಗ ಐತಿ. ಟೈಲ್ಸೂ ನನ್ನವ ಹಾಕ.’

ಫಕೀರವ್ವನಿಗೆ ವಿನೀತ ಇಡೀ ಕಥೆಯನ್ನು ಒಂದು ಮಧ್ಯಾಹ್ನ ಓದಿ ಹೇಳಿದ. ಅವಳು ಅವರೆಕಾಳು ಸುಲಿಯುತ್ತ ಕೇಳಿದಳು, ಮೂರು ಕಡೆ ನಕ್ಕಳು ಕೂಡ. ಕೊನೆಯಲ್ಲಿ ಒಬ್ಬ ಮಂತ್ರವಾದಿ ಬಂದು ಹೆಂಡತಿಯ ದೆವ್ವವನ್ನು ಉಪ್ಪಿನಕಾಯಿ ಭರಣಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲೆ ಇಡುತ್ತಾನೆ. ಗಂಡ ನೆಮ್ಮದಿಯಾಗಿ ಟಿವಿ ನೋಡುತ್ತಾನೆ. ಅಲ್ಲಿಗೆ ಬಂದಾಗ ಅವಳ ಕೈ ನಿಂತಿತು.

‘ಅಂದ್ರ, ಬದಕಿದ್ದಾಗ ಅಕಿನ್ನ ಮಾತಾಡಗೊಡಲಿಲ್ಲ. ಸತ್ತ ಮ್ಯಾಲೆ ನಾಕ ಮಾತ ಆಡಿದ್ಲು. ಅದಕ್ಕ ಬಾಯಿಗೆ ಬಟ್ಟಿ?’

‘ಕಾಕು, ಅದು ಕಾಮಿಡಿ.’

‘ಯಾರಿಗೆ?’

ವಿನೀತ ಒಳ್ಳೆಯ ಹುಡುಗ. ಹಾಳೆ ಮಡಚಿ, ‘ಮತ್ತ ಹೆಂಗ ಮುಗಸಬೇಕು ನೀವ ಹೇಳ್ರಿ’ ಎಂದ. ಅವಳು ಹೇಳಿದಳು. ಎಷ್ಟೋ ದಿನದಿಂದ ಕಟ್ಟಿಟ್ಟುಕೊಂಡದ್ದನ್ನು ಹೇಳಿದಂತೆ, ಒಂದೇ ಉಸಿರಿಗೆ.

ಹೆಂಡತಿಯ ದೆವ್ವ ಗಂಡನನ್ನು ಹೊರಗಿಟ್ಟು ಬಾಗಿಲಿಗೆ ಚಿಲಕ ಹಾಕಿ ನಿಲ್ಲಲಿ. ಮದುವೆಯ ದಿನ ಅವಳನ್ನು ಹೊಸ್ತಿಲಲ್ಲಿ ನಿಲ್ಲಿಸಿ ಗಂಡನ ಹೆಸರು ಹೇಳಿಸಿದ್ದರಲ್ಲ, ಈಗ ಅವನು ಅವಳ ಹೆಸರು ಹೇಳಲಿ, ಬಾಗಿಲು ತೆಗೆಯುತ್ತಾಳೆ. ಅವನು ಮದುವೆಯಲ್ಲಿ ಇಟ್ಟ ಹೆಸರು ಹೇಳುತ್ತಾನೆ. ಚಿಲಕ ತೆರೆಯುವುದಿಲ್ಲ. ಅದು ಅವಳ ಹೆಸರಲ್ಲ, ಅವನ ಉಂಗುರದ ಹೆಸರು. ಅವಳ ಖರೇ ಹೆಸರು ಅವನಿಗೆ ನೆನಪಿಲ್ಲ. ದೇವರ ಹೆಸರು, ನಟಿಯರ ಹೆಸರು, ಅಂಗಡಿಯ ಹೆಸರು, ಬಾಯಿಗೆ ಬಂದದ್ದೆಲ್ಲ ಹೇಳುತ್ತಾನೆ. ತಪ್ಪು ಹೇಳಿದ ಪ್ರತಿ ಸಲ ಅವನ ಕಾಲ ಬಳಿ ಒಂದೊಂದು ಟೈಲ್ಸ್ ಏಳುತ್ತದೆ. ಕೊನೆಗೆ ಅವನೇ ಮಣ್ಣಿನೊಳಗೆ ಹೋಗುತ್ತಾನೆ, ಟೈಲ್ಸ್ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಪಕ್ಕದ ಮನೆಯವರು ಬಂದು ಕೇಳಿದರೆ ಅವಳು, ‘ನಮ್ಮ ಮನಿಯವರು ಒಳಗ ಅದಾರ’ ಎನ್ನುತ್ತಾಳೆ.

ವಿನೀತ ಅದನ್ನೆಲ್ಲ ಹಾಳೆಯ ಬೆನ್ನಿಗೆ ಬರೆದುಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ, ‘ಕಾಕು, ನಿಮ್ಮ ಖರೇ ಹೆಸರೇನ್ರಿ?’

ಲೇಔಟಿಗೆ ಬಂದ ಮೇಲೆ ಅದನ್ನು ಕೇಳಿದವನು ಅವನೊಬ್ಬನೇ. ಅವಳು ಹೇಳಿದಳು. ಅವನು ನಗಲಿಲ್ಲ.

ದುಡ್ಡಿನ ಮಾತು ಬಂದಾಗ ಅವಳು ಬೇಡವೆಂದಳು. ‘ಒಂದ ಮಾಡು ತಮ್ಮಾ. ಸಿನಿಮಾದಾಗ ನನ್ನ ಹೆಸರ ಹಾಕು. ನನ್ನ ಹೆಸರ. ತಿಳೀತಿಲ್ಲೋ?’

‘ತಿಳೀತ್ರಿ ಕಾಕು. ಹಾಕ್ತೇನಿ.’

ಅವನಿಗೆ ತಿಳಿದದ್ದು ಬೇರೆ. ಅದು ಗೊತ್ತಾಗಲು ಆರು ತಿಂಗಳು ಬೇಕಾಯಿತು.

ಒಡಪುಗಳನ್ನೆಲ್ಲ ಅವಳೇ ಕಟ್ಟಿಕೊಟ್ಟಳು. ದೆವ್ವ ಮೊದಲ ಸಲ ಗಂಡ ಚಂದ್ರಕಾಂತನ ಮಂಚದ ಪಕ್ಕ ನಿಂತು ಹೇಳುವ ಒಡಪನ್ನು ಓದಿ, ವಿನೀತನ ಸಹಾಯಕಿ ಆರತಿ ತೋಳು ಉಜ್ಜಿಕೊಂಡಿದ್ದಳು:

‘ಹೊಸಾ ಟೈಲ್ಸಿನ ಕೆಳಗ ತಣ್ಣಗ ಐತಿ ಮಣ್ಣ,
ಚಂದ್ರಕಾಂತರ ಹೆಸರ ಹೇಳತೇನಿ, ತಗೀರಿ ಕಣ್ಣ.’

ಕೊನೆಯ ದೃಶ್ಯದ ಚಿತ್ರೀಕರಣದ ಹೊತ್ತಿಗೆ ಫಕೀರವ್ವ ಮಗಳ ಬಾಣಂತನಕ್ಕೆಂದು ಬೆಳಗಾವಿಯಲ್ಲಿದ್ದಳು. ತಿರುಗಿ ಬಂದಾಗ ಮನೆಯ ಮುಂದಿನ ಟೈಲ್ಸ್ ಕಿತ್ತು ಮತ್ತೆ ಹಾಸಲಾಗಿತ್ತು, ಕೆಲಸ ಮುಗಿದಿತ್ತು.

ಬಿಡುಗಡೆಗೆ ಮುಂಚೆ ಹುಬ್ಬಳ್ಳಿಯ ಒಂದು ಚಿತ್ರಮಂದಿರದಲ್ಲಿ ಬೆಳಗಿನ ಹೊತ್ತು ಪರಿಚಯದವರಿಗಾಗಿ ಸಿನಿಮಾ ತೋರಿಸಿದರು. ಇಡೀ ಲೇಔಟು ಹೋಯಿತು. ಹನಮೇಶ ಹೊಸ ಅಂಗಿ ಹಾಕಿಕೊಂಡು ನಡುವಿನ ಸಾಲಿನಲ್ಲಿ ಕುಳಿತ. ಟೈಲ್ಸ್ ಕಂಡಾಗೆಲ್ಲ ಹಿಂದೆ ತಿರುಗಿ, ‘ನಮ್ಮವು’ ಎಂದ. ಸಿನಿಮಾ ಚೆನ್ನಾಗಿತ್ತು. ಮಂದಿ ನಗಬೇಕಾದಲ್ಲಿ ನಕ್ಕರು, ಸುಮ್ಮನಾಗಬೇಕಾದಲ್ಲಿ ಸುಮ್ಮನಾದರು. ಬಾಗಿಲಿನ ಮುಂದೆ ಪರದೆಯ ಗಂಡ ಬೆವರುತ್ತ ಹೆಸರು ಹುಡುಕತೊಡಗಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಹನಮೇಶ.

‘ಮಗನ, ಹೆಂಡ್ತಿ ಹೆಸರ ಗೊತ್ತಿಲ್ಲ! ಎಂಥಾ ಗಂಡಸಲೇ ಇವಾ?’

ಫಕೀರವ್ವ ಕುರ್ಚಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದಳು. ಅವನ ಪಕ್ಕದಲ್ಲೇ ಕುಳಿತು, ಅವನ ನಗುವಿನ ಬಿಸಿ ಕೆನ್ನೆಗೆ ತಾಗುವಷ್ಟು ಹತ್ತಿರ.

ಕೊನೆಯ ಟೈಲ್ಸ್ ಎದ್ದಿತು. ಬೆಂಗಳೂರಿನಿಂದ ಬಂದಿದ್ದ ನಟಿ ಕೂದಲು ಹರವಿಕೊಂಡು, ಕಣ್ಣು ಅರಳಿಸಿ, ಗಂಡನ ಕಿವಿಯ ಬಳಿ ಬಗ್ಗಿದಳು. ‘ನನ್ನ ಹೆಸರ...’ ಎಂದಳು. ಡೋಲು ಬಡಿಯಿತು. ‘ಫಕೀ...ರವ್ವಾ!’

ಚಿತ್ರಮಂದಿರ ಒಡೆದುಹೋಗುವಂತೆ ನಕ್ಕಿತು. ಇಡೀ ಸಿನಿಮಾದಲ್ಲಿ ಅಷ್ಟು ದೊಡ್ಡ ನಗು ಬಂದಿರಲಿಲ್ಲ. ಹಿಂದಿನ ಸಾಲಿನ ಒಬ್ಬ ಅದನ್ನೇ ಎಳೆದು ಕೂಗಿದ, ಇನ್ನೊಬ್ಬ ಸಿಳ್ಳೆ ಹೊಡೆದ. ಹನಮೇಶ ತೊಡೆ ಬಡಿದುಕೊಂಡು ಅವಳ ಕಡೆ ತಿರುಗಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ.

‘ಎಂಥಾ ಹೆಸರ ಹುಡಕ್ಯಾರ ನೋಡ! ಎಲ್ಲಿ ಸಿಕ್ತ ಇವರಿಗೆ?’

ಅವಳು ಅವನ ಮುಖವನ್ನೇ ನೋಡಿದಳು. ಚೇಷ್ಟೆ ಮಾಡುತ್ತಿದ್ದಾನೆಯೇ ಎಂದು ನೋಡಿದಳು. ಇಲ್ಲ. ಮರೆತೇಬಿಟ್ಟಿದ್ದ. ಲಗ್ನಪತ್ರಿಕೆಯಲ್ಲಿ ತನ್ನ ಹೆಸರಿನ ಪಕ್ಕದಲ್ಲೇ ಅಚ್ಚಾಗಿದ್ದ ಹೆಸರನ್ನು ಅವನು ಕೈ ಒರೆಸಿಕೊಂಡಷ್ಟು ಸಲೀಸಾಗಿ ಮರೆತಿದ್ದ. ಆಮೇಲೆ ಪರದೆಯ ಮೇಲೆ ಅಕ್ಷರಗಳು ಏರತೊಡಗಿದವು. ‘ಕಥೆಯ ಎಳೆ ಮತ್ತು ಒಡಪು: ಶ್ರೀಮತಿ ವಿದ್ಯಾ ಹನಮೇಶ ಮುಗದ.’ ಲೇಔಟಿನವರು ಚಪ್ಪಾಳೆ ತಟ್ಟಿದರು. ಹನಮೇಶ ಎದ್ದು ನಿಂತು ಎಲ್ಲರಿಗೂ ಕೈ ಮುಗಿದ.

ಮರುದಿನ ಅವಳು ವಿದ್ಯಾನಗರದಲ್ಲಿ ವಿನೀತ ಬಾಡಿಗೆಗೆ ಹಿಡಿದಿದ್ದ ಎಡಿಟಿಂಗ್ ಕೋಣೆಗೆ ಹೋದಳು. ಚಪ್ಪಲಿಯನ್ನೂ ಬಿಡಲಿಲ್ಲ. ವಿನೀತ ಖುಷಿಯಲ್ಲಿದ್ದ.

‘ಬರ್ರಿ ಕಾಕು, ಬರ್ರಿ! ಕೇಳಿದ್ರೇನು ನಿನ್ನಿ ಹೆಂಗ ನಕ್ರು? ನಿಮ್ಮ ಹೆಸರ ಏನ ಹಿಟ್ ಆತ ನೋಡ್ರಿ!’

‘ಯಾರ ಹೆಸರ?’

‘ನಿಮ್ಮದ್ರಿ. ನೀವ ಹೇಳಿದ್ರೆಲ್ಲಾ, ಸಿನಿಮಾದಾಗ ನನ್ನ ಹೆಸರ ಹಾಕು ಅಂತ. ಅದಕ್ಕ ದೆವ್ವಕ್ಕ ನಿಮ್ಮ ಹೆಸರ ಇಟ್ಟೇನಿ.’

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕುರ್ಚಿ ಎಳೆದುಕೊಂಡು ಕುಳಿತಳು.

‘ಇಟ್ಟಿ. ಛಲೋ ಹೆಸರ ಇಟ್ಟೆಪ್ಪಾ ನನಗ.’

ಹೆಸರಿಡುವುದೆಂದರೆ ಈ ಕಡೆ ಎರಡು ಅರ್ಥ. ತೊಟ್ಟಿಲಲ್ಲಿ ಇಡುವುದೂ ಅದೇ, ಮಂದಿಯಲ್ಲಿ ಆಡಿಕೊಳ್ಳುವುದೂ ಅದೇ. ವಿನೀತ ಧಾರವಾಡದ ಹುಡುಗ. ಅವನ ಮುಖ ಸಣ್ಣಗಾಯಿತು.

‘ನಮ್ಮ ಆಯಿದ, ನಮ್ಮಪ್ಪನ ಅವ್ವನ ಹೆಸರಪಾ ಅದು. ಕಡೀಕ ಹೆಸರ ಬರತಾವಲ್ಲ, ಆ ಪಾಟಿ ಮ್ಯಾಲೆ ನನ್ನ ಹೆಸರ ಹಾಕು ಅಂದಿದ್ದೆ ನಾ, ಬರದಾಕಿ ಅಂತ. ನೀ ಅದನ್ನ ದೆವ್ವಿನ ತಲಿ ಮ್ಯಾಲೆ ಇಟ್ಟು ಡೋಲ ಬಡದಿ. ನನ್ನ ಜಾಗಾದಾಗ ಯಾರನ್ನ ಕೂಡಿಸಿದಿ? ಶ್ರೀಮತಿ ವಿದ್ಯಾ ಹನಮೇಶ. ಯಾರಾಕಿ? ಅಕಿ ಏನ ಬರದಾಳ?’

ಮೂಲೆಯ ಕಂಪ್ಯೂಟರಿನ ಮುಂದೆ ಕುಳಿತಿದ್ದ ಆರತಿ ತಿರುಗಿದಳು. ಟೈಟಲ್ ಕೆಲಸ ಅವಳದು. ‘ಕಾಕು, ಅದು ನಂದ ತಪ್ಪ್ರಿ. ವಿನೀತನ ಕಡೆ ಕಾಕಾರ ನಂಬರ ಇತ್ತು, ಅವರಿಗೆ ಫೋನ್ ಮಾಡಿ ನಿಮ್ಮ ಪೂರ್ತಿ ಹೆಸರ ಕೇಳಿದೆ. ತವರಮನಿ ಹೆಸರ ಬ್ಯಾಡೇನ್ರಿ, ಕಥೀನ ಅದರ ಮ್ಯಾಲೆ ಐತೆಲ್ಲಾ ಅಂತನೂ ಕೇಳಿದೆ.’

‘ಏನಂದ್ರು?’

ಆರತಿ ವಿನೀತನ ಕಡೆ ನೋಡಿದಳು.

‘ಹೇಳವಾ.’

‘“ಏನೋ ಇತ್ತವಾ, ನೆನಪಿಲ್ಲ, ವಿದ್ಯಾ ಅಂತ ಒಗದಬಿಡ” ಅಂದ್ರು.’

ಅತ್ತರೆ ಅವರಿಬ್ಬರೂ ಸಮಾಧಾನ ಮಾಡುತ್ತಿದ್ದರು. ಅವಳು ಅಳಲಿಲ್ಲ. ಆ ಹೊತ್ತಿನಲ್ಲಿ ಅವಳಿಗಿದ್ದದ್ದು ಸಿಟ್ಟು ಮಾತ್ರ, ತೀರ ಸ್ವಚ್ಛವಾದ ಸಿಟ್ಟು. ಗಂಡನ ಮೇಲಿನದು ಹಳೆಯದು, ಅದಕ್ಕೆ ಜಾಗ ಗೊತ್ತಿತ್ತು. ಹೊಸದು ಆ ನಗುವಿನ ಮೇಲಿನದು. ಹೆಂಡತಿಯ ಹೆಸರು ಮರೆತವನನ್ನು ನೋಡಿ ನಕ್ಕ ಮಂದಿಯೇ, ಹೆಸರು ಕೇಳಿದಾಗ ಅದಕ್ಕಿಂತ ಜೋರಾಗಿ ನಕ್ಕಿದ್ದರು. ಇಷ್ಟು ಹೊತ್ತು ಹುಡುಕಿದ್ದು ಇದನ್ನೇ ಏನು ಎಂಬಂತೆ.

‘ಎರಡ ಕೆಲಸಾ ಮಾಡ. ಪಾಟಿ ಮ್ಯಾಲೆ ನನ್ನ ಹೆಸರ ಬರಿ. ಶ್ರೀಮತಿ ಬ್ಯಾಡ, ಗಂಡನ ಹೆಸರ ಬ್ಯಾಡ. ಮತ್ತ ಆ ದೆವ್ವಿನ ಬಾಯಾಗಿಂದ ಅದನ್ನ ತಗಿ.’

ಮೊದಲನೆಯದಕ್ಕೆ ವಿನೀತ ಕೂಡಲೇ ಒಪ್ಪಿದ. ಎರಡನೆಯದಕ್ಕೆ ತಲೆ ಕೆರೆದುಕೊಂಡ.

‘ಕಾಕು, ಪಿಚ್ಚರ್‌ದಾಗ ಎಲ್ಲಾಕ್ಕಿಂತ ದೊಡ್ಡ ನಗಿ ಅದು. ಥೇಟರಿಗೆ ಹಂಚೋರು ಅದನ್ನ ನೋಡೇ ಒಪ್ಪ್ಯಾರ. ಬೇರೆ ಹೆಸರ ಹಾಕಿದ್ರ ನಡೀತದೇನ್ರಿ? ದುರಗವ್ವ, ದ್ಯಾಮವ್ವ...’

‘ಅವರು ಯಾರ ಆಯಿಗೋಳು?’

‘ಕಾಕು, ಮಂದಿ ನಗೂದು ಹೆಸರಿಗಲ್ಲ...’

‘ಹೆಸರಿಗೇ ನಕ್ರು. ನಾ ಅಲ್ಲೇ ಕುಂತಿದ್ದೆ. ನಗಿ ಬೇಕಂದ್ರ ಇಟಗೋ. ನನ್ನ ಒಡಪು ಎಲ್ಲಾ ತಗದ ಕೊಡು. ಒಂದೂ ಬಿಡಬ್ಯಾಡ. ನಿನ್ನ ದೆವ್ವ ಏನ ಮಾತಾಡತೈತಿ ನೋಡೂಣು.’

ಒಡಪುಗಳಿಲ್ಲದೆ ಆ ಸಿನಿಮಾಕ್ಕೆ ಬೆನ್ನುಮೂಳೆಯೇ ಇರಲಿಲ್ಲ. ವಿನೀತ ಇನ್ನೂ ಏನೋ ಹೇಳುತ್ತಿದ್ದಾಗ ಆರತಿ ಸುಮ್ಮನೆ ಆ ದೃಶ್ಯವನ್ನು ತೆರೆದು, ಡೋಲು ತೆಗೆದಳು, ಹೆಸರಿನ ದನಿ ತೆಗೆದಳು, ಓಡಿಸಿದಳು. ನಟಿ ಗಂಡನ ಕಿವಿಗೆ ಬಗ್ಗಿ, ‘ನನ್ನ ಹೆಸರ...’ ಎಂದಳು. ತುಟಿ ಅಲುಗಿತು. ಏನೂ ಕೇಳಲಿಲ್ಲ. ಗಂಡನಿಗೆ ಮಾತ್ರ ಕೇಳಿತು; ಅವನ ಮುಖದ ರಕ್ತ ಇಳಿಯಿತು. ಆ ಮೌನದಲ್ಲೇ ಟೈಲ್ಸ್ ಮುಚ್ಚಿಕೊಂಡವು.

ವಿನೀತ ಪರದೆಯ ಹತ್ತಿರ ಬಗ್ಗಿದ. ‘ಇನ್ನೊಮ್ಮೆ ಹಚ್ಚ’ ಎಂದ.

ಗೆದ್ದೆನೆಂದು ಫಕೀರವ್ವನಿಗೆ ಅನಿಸಲಿಲ್ಲ. ಕೂಗಿ ಹೇಳಿದರೆ ನಗುವ ಮಂದಿಯ ನಡುವೆ ಹೆಸರನ್ನು ಉಳಿಸಿಕೊಳ್ಳಲು ಅದರ ದನಿಯನ್ನೇ ಕಡಿಯಬೇಕಾಗಿತ್ತು. ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಅದನ್ನೇ ಯೋಚಿಸಿದಳು, ಯೋಚಿಸಿದಷ್ಟೂ ಹಲ್ಲು ಕಚ್ಚಿದಳು.

ಮನೆಯಲ್ಲಿ ಅಷ್ಟರಲ್ಲಿ ಹೊಸ ಆಟ ಶುರುವಾಗಿತ್ತು. ಸಿನಿಮಾ ನೋಡಿ ಬಂದಂದಿನಿಂದ ಹನಮೇಶ ಹೆಂಡತಿಯನ್ನು ಕರೆಯಲು ಒಂದು ಹೆಸರು ಕಂಡುಕೊಂಡಿದ್ದ. ಸ್ನಾನದ ಮನೆಯಿಂದ, ಮಾಳಿಗೆಯಿಂದ, ಟಿವಿಯ ಮುಂದಿನಿಂದ, ನಟಿಯಂತೆಯೇ ರಾಗವಾಗಿ ಎಳೆದು ಕೂಗುತ್ತಿದ್ದ.

‘ಏ ಫಕೀ...ರವ್ವಾ! ಚಹಾ ತಾ!’

‘ಫಕೀ...ರವ್ವಾ! ನನ್ನ ಟಾವೆಲ್ ಎಲ್ಲೆ?’

ಮದುವೆಯಾದಂದಿನಿಂದ ಆ ಮನೆಯಲ್ಲಿ ಅವಳ ಹೆಸರು ಕೇಳಿದ್ದು ಇದೇ ಮೊದಲು. ಮೊದಲ ಸಲ ಅವಳು ಕೈಯ ಲೋಟ ಕೆಳಗಿಟ್ಟಳು. ಗೊತ್ತಾಯಿತೇನೋ ಎಂದು ಹೊರಗೆ ಬಂದು ನೋಡಿದಳು. ಅವನು ಪರಿಹಾಸ್ಯದ ಮುಖ ಮಾಡಿ ಕುಳಿತಿದ್ದ. ಹೇಳಬಹುದಿತ್ತು, ಒಂದೇ ಮಾತು. ಹೇಳಬಾರದೆಂದು ಅವಳು ಆ ಕ್ಷಣವೇ ನಿರ್ಧರಿಸಿದಳು. ಹೇಳಿದರೆ ಅದೂ ಜೋಕಾಗುತ್ತದೆ. ಸಂಜೆಯೊಳಗೆ ಲೇಔಟಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಆದ್ದರಿಂದ ಅವನು ಕೂಗಿದ ಪ್ರತಿ ಸಲ ಅವಳು ‘ಓ’ ಎಂದಳು. ಇಷ್ಟು ಸುಲಭವಾಗಿ ಓಗೊಡುತ್ತಾಳೆ, ಹೆಂಡತಿಗೂ ಈಗ ಜೋಕು ತಿಳಿಯಹತ್ತಿದೆ ಎಂದು ಅವನು ಅಂಗಡಿಯಲ್ಲಿ ಹೇಳಿಕೊಂಡ.

ಪಕ್ಕದ ಮನೆಯ ಹುಸ್ನಾ ಒಂದು ದಿನ ಕಾಂಪೌಂಡಿನ ಮೇಲಿಂದ ಕೇಳಿದಳು, ‘ಭಾಭಿ, ಅವರು ಹಂಗ ಕೂಗಿದ್ರ ನಿಮಗ ಸಿಟ್ಟ ಬರೂದಿಲ್ಲೇನ್ರಿ?’

‘ಬರತೈತಿ. ತಯಾರಾಗಾಕತ್ತೈತಿ.’

ಸಿನಿಮಾ ಬಿಡುಗಡೆಯಾದ ದಿನ ಅದೇ ಚಿತ್ರಮಂದಿರ, ಮೊದಲ ಆಟ. ಲೇಔಟಿನವರು ಮತ್ತೆ ಬಂದಿದ್ದರು, ಈ ಸಲ ನೆಂಟರನ್ನೂ ಕರೆದುಕೊಂಡು. ಕೊನೆಯ ದೃಶ್ಯ ಬಂತು. ಮೊದಲೇ ನೋಡಿದವರು ನಗಲು ಬಾಯಿ ತೆರೆದುಕೊಂಡು ಕುಳಿತಿದ್ದರು. ನಟಿಯ ತುಟಿ ಅಲುಗಿತು, ದನಿ ಬರಲಿಲ್ಲ. ತೆರೆದ ಬಾಯಿಗಳು ಹಾಗೆಯೇ ಉಳಿದವು. ಎಲ್ಲೋ ಒಂದು ಕೂಸು ಅತ್ತಿತು, ಅದನ್ನು ಯಾರೋ ಹೊರಗೆ ಎತ್ತಿಕೊಂಡು ಹೋದರು.

‘ಅಯ್ಯ, ಆ ಹೆಸರ ತಗದಬಿಟ್ಟಾರ!’ ಹನಮೇಶ ಬೇಸರದಿಂದ ಹೇಳಿದ. ‘ಅದ ಛಲೋ ಇತ್ತು.’

ಅಕ್ಷರಗಳು ಏರತೊಡಗಿದವು. ‘ಕಥೆಯ ಎಳೆ ಮತ್ತು ಒಡಪು: ಫಕೀರವ್ವ.’ ಒಂದೇ ಪದ, ಹಿಂದೆ ಮುಂದೆ ಏನೂ ಇಲ್ಲ. ಅವಳು ಅದನ್ನು ಕೊನೆಯವರೆಗೆ, ಪರದೆಯ ಮೇಲಂಚು ದಾಟುವವರೆಗೆ ನೋಡಿದಳು. ಚಪ್ಪಾಳೆ ತಟ್ಟಲು ಕಾದಿದ್ದ ಲೇಔಟಿನವರು ಒಬ್ಬರ ಮುಖ ಒಬ್ಬರು ನೋಡಿದರು. ಹನಮೇಶ ಕುರ್ಚಿಯಿಂದ ಎದ್ದ. ಅವನಿಗೆ ಖರೇ ಸಿಟ್ಟು ಬಂದಿತ್ತು. ಹೆಂಡತಿಯ ಪರವಾಗಿ ಅವನಿಗೆ ಸಿಟ್ಟು ಬಂದದ್ದನ್ನು ಅವಳು ಅವತ್ತೇ ಮೊದಲು ಕಂಡದ್ದು.

ಹೊರಗಿನ ಅಂಗಳದಲ್ಲಿ ವಿನೀತ ಮಂದಿಯ ಕೈ ಕುಲುಕುತ್ತಿದ್ದ. ಹನಮೇಶ ನೇರ ಅವನ ಮುಂದೆ ಹೋಗಿ ನಿಂತ. ಲೇಔಟಿನವರು ಸುತ್ತ ನೆರೆದರು.

‘ಏನಪಾ ವಿನೀತ, ಮನಿ ಕೊಟ್ಟೆ, ಟೈಲ್ಸ್ ಕೊಟ್ಟೆ. ನನ್ನ ಹೆಂಡ್ತಿ ಹೆಸರ ತಗದ ಅಲ್ಲೆ ದೆವ್ವಿನ ಹೆಸರ ಹಾಕೀಯಲ್ಲ? ಮಸ್ಕಿರಿ ಮಾಡಾಕತ್ತೀಯೇನ? ಒಡಪು ಬರದಾಕಿ ಯಾರು, ಪಾಟಿ ಮ್ಯಾಲೆ ಯಾರು?’

ವಿನೀತ ಅವನ ಹೆಗಲ ಮೇಲಿಂದ ಫಕೀರವ್ವನ ಕಡೆ ನೋಡಿದ. ಅವಳು ಬಂದು ಗಂಡನ ಪಕ್ಕ ನಿಂತಿದ್ದಳು.

‘ಹೇಳ ತಮ್ಮಾ. ಎಲ್ಲಾರಿಗೂ ಕೇಳೂ ಹಂಗ ಹೇಳ.’

‘ಕಾಕಾ, ಅದು...’ ಹುಡುಗ ಅವಳನ್ನು ಇನ್ನೊಮ್ಮೆ ನೋಡಿದ. ‘ಅದ ಕಾಕುನ ಹೆಸರ್ರಿ. ಹುಟ್ಟು ಹೆಸರು.’

ಹನಮೇಶ ನಕ್ಕ. ರೂಢಿಯಂತೆ ನಕ್ಕು, ರೂಢಿಯಂತೆ ಸುತ್ತಲಿನವರ ಮುಖ ನೋಡಿದ. ಜೊತೆಗೆ ನಗಲು ಯಾರೂ ಇರಲಿಲ್ಲ. ಹುಸ್ನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವನ ಅಂಗಡಿಯ ಟೈಲ್ಸ್ ಹಾಕಿಸಿಕೊಂಡಿದ್ದ ಹಿರಿಯರೊಬ್ಬರು ಫೋನು ತೆಗೆದು ಸುಮ್ಮನೆ ಅದನ್ನೇ ನೋಡತೊಡಗಿದರು. ನಗು ಅವನ ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಇತ್ತು, ಆರಿಸಲು ಮರೆತ ದೀಪದಂತೆ.

‘ಹೌದೇನ? ಖರೇನ?’ ಎಂದ. ಆಮೇಲೆ ದನಿ ತಗ್ಗಿಸಿ, ‘ಮೊದಲ ಹೇಳಬಾರದಿತ್ತೇನ ನನಗ?’

‘ಎರಡ ವಾರ ದಿನಾ ಕರದ್ರಿ,’ ಎಂದಳು ಫಕೀರವ್ವ. ದನಿ ತಗ್ಗಿಸಲಿಲ್ಲ. ‘ಮಂದಿ ಮುಂದ ಕರದ್ರಿ, ಕಿಡಕ್ಯಾಗ ನಿಂತ ಕರದ್ರಿ, ಸಂಡಾಸದಾಗ ಕುಂತ ಕರದ್ರಿ. ಕರದಾಗೊಮ್ಮೆ ಓ ಅಂದೇನಿ. ಒಂದ ಸಲಾ ತಪ್ಪಸಿಲ್ಲ. ಇನ್ನ ಹೆಂಗ ಹೇಳಬೇಕಿತ್ರಿ ನಾ? ಬಗ್ಗಿ ಕಿವ್ಯಾಗ ಹೇಳಬೇಕಿತ್ತ?’

ಅವನು ಒಂದು ಹೆಜ್ಜೆ ಹಿಂದೆ ಸರಿದ. ನಿಜಕ್ಕೂ ಸರಿದ, ನೆರೆದವರೆಲ್ಲ ನೋಡಿದರು.

ಅವಳು ಅಲ್ಲಿ ನಿಲ್ಲಲಿಲ್ಲ. ಹುಸ್ನಾಳ ಕೈ ಹಿಡಿದು, ‘ನಡಿ, ಬಸ್ಸಿಗೆ ಹೋಗೂಣು’ ಎಂದು ಮೆಟ್ಟಿಲಿಳಿದಳು. ಮೊದಲ ಆಟ ಬಿಟ್ಟು, ಮುಂದಿನ ಆಟದವರು ಒಳಗೆ ಬರುತ್ತಿದ್ದರು. ಕಾರು ನಿಲ್ಲಿಸುವ ಜಾಗದ ತುಂಬ ಮಂದಿ. ಹುಸ್ನಾ ಸ್ವಲ್ಪ ದೂರ ಸುಮ್ಮನೆ ನಡೆದು, ಆಮೇಲೆ ತಡೆಯಲಾರದೆ ಕೇಳಿದಳು.

‘ಇನ್ನ ಮ್ಯಾಲೆ ನಿಮಗ ಏನಂತ ಕರೀಲ್ರಿ?’

‘ಓದಾಕ ಬರತೈತೆಲ್ಲ ನಿನಗ?’

ಹನಮೇಶ ಅವಸರದಿಂದ ಬಂದು ಕಾರಿನ ಬಾಗಿಲು ತೆಗೆದ. ಹೆಂಡತಿ ಗೇಟಿನ ಕಡೆ ಹೋಗುತ್ತಿರುವುದು ಕಂಡಿತು. ಕರೆಯಬೇಕಿತ್ತು. ಬಾಯಿ ತೆರೆದ. ಉಂಗುರದಿಂದ ಬರೆದ ಹೆಸರನ್ನು ಕೂಗಿದರೆ ಅವಳು ತಿರುಗುವುದಿಲ್ಲ. ಇನ್ನೊಂದನ್ನು ಅವನು ಬಲ್ಲದ್ದು ಒಂದೇ ರಾಗದಲ್ಲಿ, ಮತ್ತು ಆ ರಾಗದಲ್ಲಿ ಕೂಗಲು ಈಗ ಬಾಯಿ ಬರಲಿಲ್ಲ. ಒಳಗೆ ಕೈ ಚಾಚಿ ಹಾರ್ನ್ ಒತ್ತಿದ.

ಅವಳು ನಡೆಯುತ್ತಲೇ ಇದ್ದಳು. ಅವನು ಮತ್ತೆ ಒತ್ತಿದ, ಈ ಸಲ ಉದ್ದಕ್ಕೆ. ಮುಂದಿನ ಸಾಲಿನ ಕಾರುಗಳ ಬಳಿ ಕೊಡೆ ಹಿಡಿದು ನಿಂತಿದ್ದ ಬೇರೆ ಯಾರದೋ ಹೆಂಡತಿ ಗಾಬರಿಯಿಂದ ತಿರುಗಿ ನೋಡಿ, ‘ಬಂದೆರಿ’ ಎಂದಳು.